ಮೂರು ಸಲ ಬೆಸ್ಟ್ ಡಿಫೆಂಡರ್ ಆದವನನ್ನ ಬೆಂಚಿಗೆ ಯಾಕೆ ತಗೊಂಡ್ರು? ಬ್ಯಾಕಪ್ ಸೆಂಟರ್ ಆರಿಸೋ ಕಥೆ

2019ರ ಆಗಸ್ಟ್. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎನಲ್ಲಿ ಆಡೋ ಲಾಸ್ ಏಂಜಲೀಸ್ ಲೇಕರ್ಸ್ ಟೀಮಿಗೆ ಅರ್ಜೆಂಟಾಗಿ ಒಬ್ಬ ಸೆಂಟರ್ ಬೇಕು. ಟ್ರಯಲ್ಸ್‌ಗೆ ಬಂದವರಲ್ಲಿ ಇಬ್ಬರ ಹೆಸರು ಕೇಳಿ, ಡ್ವೈಟ್ ಹೋವರ್ಡ್ ಮತ್ತೆ ಜೋಕಿಮ್ ನೋವಾ. ಎನ್‌ಬಿಎನಲ್ಲಿ ವರ್ಷಕ್ಕೊಬ್ಬರಿಗೆ ಕೊಡೋ ಡಿಫೆನ್ಸಿವ್ ಪ್ಲೇಯರ್ ಆಫ್ ದ ಇಯರ್ ಪ್ರಶಸ್ತಿ ಇದ್ಯಲ್ಲ, ಅದು ಹೋವರ್ಡ್ ಹತ್ರ ಮೂರಿದೆ, 2009, 2010, 2011, ಸತತವಾಗಿ. ನೋವಾ ಹತ್ರ ಒಂದಿದೆ, 2014ರದ್ದು. ಅಂಥವರು ಬಂದು, ಮ್ಯಾಚ್‌ಗೆ ಹದಿನೈದೋ ಹದಿನೆಂಟೋ ನಿಮಿಷ ಆಡೋ ಒಂದು ಜಾಗಕ್ಕೆ, ಸೀಸನ್ ಪೂರ್ತಿ ದುಡ್ಡು ಸಿಗುತ್ತೆ ಅನ್ನೋ ಗ್ಯಾರಂಟಿ ಕೂಡ ಇಲ್ಲದ ಒಂದು ಕಾಂಟ್ರಾಕ್ಟ್‌ಗೆ ಟ್ರಯಲ್ಸ್ ಕೊಡ್ತಿದ್ದಾರೆ.

ಲೇಕರ್ಸ್ ಆರಿಸಿದ್ದು ಹೋವರ್ಡ್‌ನ್ನ. 33 ವಯಸ್ಸು, ಬೆನ್ನಿನ ಆಪರೇಷನ್ ಆಗಿ ಹಿಂದಿನ ಸೀಸನ್ ಪೂರ್ತಿ ಆಡಿದ್ದು ಬರೀ 9 ಮ್ಯಾಚ್, ಅದಕ್ಕಿಂತ ಹೆಚ್ಚಾಗಿ ಆ ಊರಿನ ಜನಕ್ಕೆ ಇವನನ್ನ ಕಂಡ್ರೆ ಆಗ್ತಿರಲಿಲ್ಲ. ಮತ್ಯಾಕೆ ಇವನೇ? ಎರಡು ವಾರದಿಂದ ನನ್ನ ತಲೇಲಿ ಇದೊಂದೇ ಓಡ್ತಿದೆ, 2020ರ ಮ್ಯಾಚ್‌ಗಳನ್ನೆಲ್ಲ ಮತ್ತೆ ಹಾಕ್ಕೊಂಡು ನೋಡ್ದೆ, ಇವತ್ತು ಅದನ್ನೇ ಮಾತಾಡೋಣ.

ಬ್ಯಾಸ್ಕೆಟ್‌ಬಾಲ್ ಗೊತ್ತಿಲ್ಲದವರಿಗೆ ಹತ್ತು ಸೆಕೆಂಡ್. ಒಂದು ಕಡೆ ಐದು ಜನ, 48 ನಿಮಿಷದ ಆಟ, ಬುಟ್ಟಿ ಹತ್ರ ನಿಂತು ಕಾಯೋ ದೈತ್ಯನೇ ಸೆಂಟರ್. ಆರು ಫೌಲ್ ಆದ್ರೆ ಹೊರಗೆ. ಅಷ್ಟೇ, ಬನ್ನಿ.

ಬ್ಯಾಕಪ್ ಅಂದ ತಕ್ಷಣ ನಮ್ಮ ತಲೆಗೆ ಬರೋದು ಸ್ಟೆಪ್ನಿ. ಕಾರಿನ ಡಿಕ್ಕಿಲಿ ಬಿದ್ದಿರುತ್ತೆ, ಪಂಕ್ಚರ್ ಆದಾಗ ನೆನಪಾಗುತ್ತೆ. ಬ್ಯಾಕಪ್ ಸೆಂಟರ್‌ನ ಹಂಗೆ ಅಂದ್ಕೊಂಡ್ರೆ ಇಡೀ ಲೆಕ್ಕ ತಪ್ಪುತ್ತೆ. ಮೇನ್ ಸೆಂಟರ್ ಎಷ್ಟೇ ಗಟ್ಟಿಗ ಇದ್ರೂ 32, 34 ನಿಮಿಷ ಆಡಬಹುದು, ಅಷ್ಟು ದೊಡ್ಡ ಮೈ ಹೊತ್ಕೊಂಡು ಆ ಕಡೆ ಈ ಕಡೆ ಓಡೋದು ತಮಾಷೆ ಅಲ್ಲ. ಉಳಿದ 14, 16 ನಿಮಿಷ ಪ್ರತಿ ಮ್ಯಾಚಲ್ಲೂ ಇದ್ದೇ ಇರುತ್ತೆ, ಒಂದು ಸೀಸನ್‌ಗೆ 82 ಮ್ಯಾಚ್, ಗುಣಿಸಿ ನೋಡಿ.

ಹಂಗಾಗಿ ಸ್ಟೆಪ್ನಿ ಬಿಡಿ, ಕೆಎಸ್‌ಆರ್‌ಟಿಸಿ ಬಸ್‌ನ ಎರಡನೇ ಡ್ರೈವರ್‌ನ್ನ ನೆನೆಸ್ಕೊಳ್ಳಿ. ಬೆಂಗಳೂರಿಂದ ಮುಂಬೈಗೆ ಹೋಗೋ ನೈಟ್ ಬಸ್ ಹತ್ತಿದ್ದೀರಾ? ನಾನು ಸುಮಾರು ಸಲ ಹೋಗಿದೀನಿ, ನಿದ್ದೆ ಬರಲ್ಲ ಅಂತ ಮುಂದಿನ ಸೀಟೇ ತಗೊಳ್ಳೋದು. ಅದ್ರಲ್ಲಿ ಇಬ್ಬರು ಡ್ರೈವರ್ ಇರ್ತಾರೆ. ರಾತ್ರಿ ಎರಡು ಗಂಟೆ ಹೊತ್ತಿಗೆ ಹೈವೇ ಪಕ್ಕ ಯಾವುದೋ ಟೀ ಹೋಟೆಲ್ ಮುಂದೆ ಬಸ್ ನಿಲ್ಲುತ್ತೆ, ಅಲ್ಲಿವರೆಗೂ ಓಡಿಸಿದವರು ಇಳೀತಾರೆ, ಒಳಗೆ ಮಲಗಿದ್ದವರು ಎದ್ದು ಬಾಟಲಿ ನೀರಲ್ಲಿ ಮುಖ ತೊಳ್ಕೊಂಡು, ಟವೆಲ್ ಹೆಗಲಿಗೆ ಹಾಕ್ಕೊಂಡು, ಅರ್ಧ ಲೋಟ ಟೀ ಕುಡಿದು ಸೀಟಿಗೆ ಏರ್ತಾರೆ. ಏರಿ ಮೊದಲು ಮಾಡೋ ಕೆಲಸ ಏನು ಗೊತ್ತಾ? ಸೀಟು ಒಂಚೂರು ಮುಂದಕ್ಕೆ ಎಳ್ಕೊಂಡು, ಕನ್ನಡಿ ತಮ್ಮ ಕಣ್ಣಿಗೆ ತಿರುಗಿಸ್ಕೋತಾರೆ. ಗೇರ್ ಹಾಕ್ತಾರೆ, ಬಸ್ ಹೊರಡುತ್ತೆ, ಹಿಂದೆ ಮಲಗಿರೋ ಮೂವತ್ತು ಜನಕ್ಕೆ ಡ್ರೈವರ್ ಬದಲಾಗಿದ್ದೇ ಗೊತ್ತಾಗಲ್ಲ. ಅವರಿಗೆ ಎಚ್ಚರ ಆಗಲಿಲ್ಲ ಅನ್ನೋದೇ ಆ ಎರಡನೇ ಡ್ರೈವರ್‌ಗೆ ಸಿಗೋ ಸರ್ಟಿಫಿಕೇಟ್.

ಈಗ ಇನ್ನೊಂದು ಯೋಚನೆ ಮಾಡಿ. ಆ ಎರಡನೇ ಡ್ರೈವರ್ ಹತ್ತು ವರ್ಷ ಡಿಪೋದ ನಂಬರ್ ಒನ್ ಡ್ರೈವರ್ ಆಗಿದ್ದೋರು, ಹೊಸ ಬಸ್ ಬಂದ್ರೆ ಮೊದಲ ಕೀ ಅವರ ಕೈಗೇ ಬರ್ತಿತ್ತು ಅಂದ್ಕೊಳ್ಳಿ. ಅಂಥವರು ಎರಡು ಗಂಟೆವರೆಗೂ ಸುಮ್ನೆ ಹಿಂದೆ ಮಲಗ್ತಾರಾ? ಇನ್ನೊಬ್ಬರು ಓಡಿಸೋದನ್ನ ನೋಡಿ ಕೈ ಕಡಿಯಲ್ವಾ? ವೆಟರನ್ ಬ್ಯಾಕಪ್ ಸೆಂಟರ್‌ನ ಆರಿಸೋದ್ರಲ್ಲಿ ಇರೋ ಕಷ್ಟ ಪೂರ್ತಿ ಇದೇ. ಆಟ ಎಷ್ಟು ಉಳಿದಿದೆ ಅಂತ ಟ್ರಯಲ್ಸಲ್ಲಿ ನೋಡಬಹುದು, ಕಮ್ಮಿ ಆಡೋಕೆ ಮನಸ್ಸಿದ್ಯಾ ಅಂತ ಹೆಂಗೆ ನೋಡ್ತೀರಾ?

ಹೋವರ್ಡ್ ವಿಷಯದಲ್ಲಿ ಈ ಅನುಮಾನಕ್ಕೆ ಕಾರಣ ಇತ್ತು. 2004ರಲ್ಲಿ ಹೈಸ್ಕೂಲಿಂದ ನೇರ ಡ್ರಾಫ್ಟ್‌ನ, ಅಂದ್ರೆ ಟೀಮ್‌ಗಳು ಸರದಿ ಮೇಲೆ ಹೊಸ ಹುಡುಗರನ್ನ ಆರಿಸ್ಕೊಳ್ಳೋದ್ರ, ಮೊದಲನೇ ನಂಬರ್ ಆಗಿ ಒರ್ಲಾಂಡೋಗೆ ಬಂದವನು, 2009ರಲ್ಲಿ ಆ ಟೀಮ್‌ನ ಫೈನಲ್ಸ್‌ಗೆ ಕರ್ಕೊಂಡು ಹೋದವನು. 2012ರಲ್ಲಿ ಲೇಕರ್ಸ್‌ಗೆ ಬಂದ, ಅಲ್ಲಿನ ಸ್ಟಾರ್ ಕೋಬಿ ಬ್ರಯಂಟ್ ಜೊತೆ ಹೊಂದಾಣಿಕೆ ಆಗಲಿಲ್ಲ, ಮ್ಯಾಚ್‌ಗೆ 35.8 ನಿಮಿಷ ಆಡಿ 17.1 ಪಾಯಿಂಟ್, 12.4 ರೀಬೌಂಡ್ (ಬುಟ್ಟಿಗೆ ಬೀಳದೆ ಪುಟಿದು ಬಂದ ಬಾಲ್ ಹಿಡಿಯೋದು) ತೆಗೆದ್ರೂ ಯಾರಿಗೂ ಸಮಾಧಾನ ಇರಲಿಲ್ಲ, ಒಂದೇ ವರ್ಷಕ್ಕೆ ಬಿಟ್ಟು ಹ್ಯೂಸ್ಟನ್‌ಗೆ ಹೋದ. ಲೇಕರ್ಸ್ ಬಿಟ್ಟು ಹೋಗೋದು ಅಂದ್ರೆ ಆ ಊರಲ್ಲಿ ಅವಮಾನ, ಆಮೇಲೆ ಎದುರಾಳಿಯಾಗಿ ಬಂದಾಗೆಲ್ಲ ಜನ ಕೂಗಿ ಕೂಗಿ ಬೈದಿದ್ದಾರೆ. ಹ್ಯೂಸ್ಟನ್ ಆದ್ಮೇಲೆ ಅಟ್ಲಾಂಟಾ, ಷಾರ್ಲೆಟ್, ವಾಷಿಂಗ್ಟನ್, ಎಲ್ಲೂ ನಿಲ್ಲಲಿಲ್ಲ.

ಲೇಕರ್ಸ್‌ಗೆ ಆಗ ಬೇರೆ ದಾರಿ ಕಮ್ಮಿ ಇತ್ತು ಅನ್ನೋದೂ ನಿಜ. ಸ್ಟಾರ್ ಪ್ಲೇಯರ್ ಆಂಥನಿ ಡೇವಿಸ್ ಆಗಷ್ಟೇ ಬಂದಿದ್ದ, ಅವನಿಗೆ ಸೆಂಟರ್ ಜಾಗದಲ್ಲಿ ಪೂರ್ತಿ ಮ್ಯಾಚ್ ಗುದ್ದಾಡೋಕೆ ಇಷ್ಟ ಇಲ್ಲ, ಅದನ್ನ ಅವನೇ ಬಾಯಿಬಿಟ್ಟು ಹೇಳಿದ್ದ. ಹಾಗಾಗಿ ಸೆಂಟರ್ ಜವೇಲ್ ಮೆಕ್‌ಗೀ ಜೊತೆಗೆ ಡಿಮಾರ್ಕಸ್ ಕಸಿನ್ಸ್‌ನ್ನ ತಗೊಂಡಿದ್ರು, ಆಗಸ್ಟಲ್ಲಿ ಕಸಿನ್ಸ್ ಮಂಡಿಯ ಲಿಗಮೆಂಟ್ ಹರ್ಕೊಂಡ. ಆ ಹೊತ್ತಿಗೆ ಒಳ್ಳೆ ಸೆಂಟರ್‌ಗಳೆಲ್ಲ ಖಾಲಿ, ಸಂತೆ ಮುಗಿದ್ಮೇಲೆ ತರಕಾರಿಗೆ ಹೋದಂಗೆ.

ಇಲ್ಲಿ ಒಂದು ವಿಷಯಕ್ಕೆ ನಿಲ್ಲಲೇಬೇಕು, ಇದು ನನಗೆ ಗೊತ್ತಾದಾಗ ಎರಡು ಸಲ ಓದಿದೆ. ದುಡ್ಡಿನ ರೂಲ್. ಎನ್‌ಬಿಎನಲ್ಲಿ ಕನಿಷ್ಠ ಸಂಬಳ ಅನುಭವದ ಮೇಲೆ ಏರುತ್ತೆ. 2019-20ರಲ್ಲಿ ಹತ್ತು ವರ್ಷ ದಾಟಿದವನಿಗೆ ಸುಮಾರು 25.6 ಲಕ್ಷ ಡಾಲರ್, ಎರಡು ವರ್ಷ ಆಡಿದ ಹುಡುಗನಿಗೆ ಸುಮಾರು 16.2 ಲಕ್ಷ ಡಾಲರ್. ಹಾಗಿದ್ರೆ ಎಲ್ಲ ಟೀಮೂ ಹುಡುಗರನ್ನೇ ತಗೊಳ್ತಾವೆ, ಹಳಬರು ಮನೆಗೆ ಹೋಗಬೇಕು ಅಲ್ವಾ? ಅದಾಗಬಾರದು ಅಂತಾನೇ ಒಂದು ವ್ಯವಸ್ಥೆ ಇದೆ. ಹಳಬನ ಜೊತೆ ಒಂದು ವರ್ಷಕ್ಕೆ ಕನಿಷ್ಠ ಸಂಬಳದ ಕಾಂಟ್ರಾಕ್ಟ್ ಮಾಡಿದ್ರೆ ಟೀಮಿನ ಲೆಕ್ಕಕ್ಕೆ ಬೀಳೋದು ಆ ಎರಡು ವರ್ಷದ ಹುಡುಗನ ಸಂಬಳ ಮಾತ್ರ, ಮೇಲಿನ ದುಡ್ಡು ಲೀಗ್ ಕೊಡುತ್ತೆ! ಅಂದ್ರೆ ಹದಿನೈದು ವರ್ಷ ಆಡಿದವನೂ ಎರಡು ವರ್ಷ ಆಡಿದ ಹುಡುಗನೂ ಟೀಮಿನ ಪುಸ್ತಕದಲ್ಲಿ ಒಂದೇ ಬೆಲೆ. ಪ್ರತಿ ವರ್ಷ ಟೀಮ್‌ಗಳು ಬೆಂಚಿನ ಕೊನೇಲಿ ಒಬ್ಬ ಹಳೇ ಸೆಂಟರ್‌ನ ಕೂರಿಸ್ಕೊಳ್ಳೋಕೆ ಇದೊಂದು ದೊಡ್ಡ ಕಾರಣ. ವಯಸ್ಸಾದ ಕೆಲಸಗಾರನಿಗೆ ಸಂಬಳ ಜಾಸ್ತಿ ಅಂತ ಮನೆಗೆ ಕಳ್ಸೋದನ್ನ ನಾವು ಎಷ್ಟು ಕಡೆ ನೋಡಿಲ್ಲ ಹೇಳಿ. ಈ ಒಂದು ರೂಲ್ ಬೇರೆ ಕೆಲಸಗಳಲ್ಲೂ ಇರಬೇಕಿತ್ತು ಅಂತ ನನಗೆ ನಿಜವಾಗ್ಲೂ ಅನ್ಸುತ್ತೆ.

ಹೋವರ್ಡ್‌ಗೆ ಅದ್ರಲ್ಲೂ ಗ್ಯಾರಂಟಿ ಇಲ್ಲದ ಕಾಂಟ್ರಾಕ್ಟ್. ತಲೆನೋವು ಕೊಟ್ರೆ ಸೀಸನ್ ಮಧ್ಯೆ ಕಳಿಸಿಬಿಡಬಹುದು, ಜನವರಿ ಶುರುವರೆಗೂ ಲೇಕರ್ಸ್‌ಗೆ ಆ ಸ್ವಾತಂತ್ರ್ಯ. ಕಮ್ಮಿ ಆಡೋಕೆ ಮನಸ್ಸಿದ್ಯಾ ಅಂತ ಹೆಂಗೆ ನೋಡೋದು ಅಂತ ನಾನು ಕೇಳಿದ್ನಲ್ಲ, ಅದಕ್ಕೆ ಲೇಕರ್ಸ್ ಕಂಡ್ಕೊಂಡ ದಾರಿ ಇದು, ದಿನಾ ಬಂದು ತೋರಿಸು ಅಂತ. ಅವನು ತೋರಿಸ್ದ.

[ಸ್ಕ್ರೀನ್ ಮೇಲೆ ಕೋರ್ಟಿನ ಚಿತ್ರ, ಸ್ಲೋ ಮೋಷನ್]

ಈ ಜಾಗ ನೋಡಿ. ಲೇಕರ್ಸ್‌ನ ದೊಡ್ಡ ಸ್ಟಾರ್ ಲೆಬ್ರಾನ್ ಜೇಮ್ಸ್ ಕೈಲಿ ಬಾಲ್, ಅವನ ಮುಂದೆ ಒಬ್ಬ ಡಿಫೆಂಡರ್. ಹೋವರ್ಡ್ ಕೆಳಗಿಂದ ಓಡಿ ಬರ್ತಾನೆ, ಡಿಫೆಂಡರ್‌ನ ಭುಜದ ಪಕ್ಕಕ್ಕೆ ಬಂದು, ಕಾಲು ಅಗಲ ಮಾಡಿ, ಎರಡು ಕೈ ಹೊಟ್ಟೆ ಹತ್ರ ಕಟ್ಕೊಂಡು ಕಂಬ ನೆಟ್ಟಂಗೆ ನಿಲ್ತಾನೆ. ಇದೇ ಸ್ಕ್ರೀನ್. ಲೆಬ್ರಾನ್ ಅವನ ಮೈ ಸವರ್ಕೊಂಡು ದಾಟ್ತಾನೆ, ಹಿಂದೆ ಬಂದ ಡಿಫೆಂಡರ್ ಹೋಗಿ ಹೋವರ್ಡ್ ಎದೆಗೆ ಡಿಕ್ಕಿ. ಸಿಕ್ಕಿದ್ದು ಅರ್ಧ ಸೆಕೆಂಡ್. ಆ ಅರ್ಧ ಸೆಕೆಂಡಲ್ಲಿ ಹೋವರ್ಡ್ ತಿರುಗಿ ಬುಟ್ಟಿ ಕಡೆ ಓಡ್ತಾನೆ, ಈಗ ಎದುರಾಳಿ ಲೆಬ್ರಾನ್‌ನ ತಡೀಬೇಕಾ ಇವನನ್ನ ತಡೀಬೇಕಾ? ಹತ್ತರಲ್ಲಿ ಎಂಟು ಸಲ ಬಾಲ್ ಇವನ ಕೈಗೆ ಬರೋದೇ ಇಲ್ಲ, ಸ್ಕೋರ್‌ಕಾರ್ಡಲ್ಲಿ ಇವನ ಹೆಸರಿನ ಮುಂದೆ ಏನೂ ಬೀಳಲ್ಲ. ಒರ್ಲಾಂಡೋದಲ್ಲಿ ಮ್ಯಾಚ್‌ಗೆ 22.9 ಪಾಯಿಂಟ್ ಹೊಡೆದಿದ್ದ ಮನುಷ್ಯ ಇಲ್ಲಿ ಓಡಿ ಬಂದು ಡಿಕ್ಕಿ ಹೊಡಿಸ್ಕೊಂಡು ವಾಪಸ್ ಓಡ್ತಾನೆ, ಮತ್ತೆ ಅದೇ, ಮತ್ತೆ ಅದೇ. ಬಾಲ್ ಬಂದಾಗ ಮಾತ್ರ ಬಿಡ್ತಿರಲಿಲ್ಲ, ಆ ಸೀಸನ್ ಅವನು ಎಸೆದಿದ್ರಲ್ಲಿ 72.9 ಪರ್ಸೆಂಟ್ ಒಳಗೆ ಹೋಗಿದೆ.

69 ಮ್ಯಾಚ್ ಆಡಿದ, 67ರಲ್ಲಿ ಬೆಂಚಿಂದ ಬಂದ. ಮ್ಯಾಚ್‌ಗೆ 18.9 ನಿಮಿಷ, 7.5 ಪಾಯಿಂಟ್, 7.3 ರೀಬೌಂಡ್. ಈಗ ಮಜಾ ನೋಡಿ, ಶುರುವಿಂದ ಆಡ್ತಿದ್ದ ಮೆಕ್‌ಗೀ ಆಡಿದ್ದು ಮ್ಯಾಚ್‌ಗೆ 16.6 ನಿಮಿಷ. ಸ್ಟಾರ್ಟರ್‌ಗಿಂತ ಬ್ಯಾಕಪ್ಪೇ ಜಾಸ್ತಿ ಆಡಿದ್ದಾನೆ! ಹಾಗಾಗಿ ಯಾರು ಮೊದಲು ಸ್ಟೀರಿಂಗ್ ಹಿಡೀತಾರೆ ಅನ್ನೋದಕ್ಕೆ ನಾವು ಕೊಡೋ ಬೆಲೆ ಜಾಸ್ತಿ ಆಯ್ತೇನೋ, ಘಾಟ್ ಬಂದಾಗ ಯಾರು ಸೀಟಲ್ಲಿದ್ದಾರೆ ಅನ್ನೋದು ಮುಖ್ಯ.

ಆ ಘಾಟ್ ಬಂದಿದ್ದು 2020ರ ಸೆಪ್ಟೆಂಬರಲ್ಲಿ, ಕೊರೋನಾ ಕಾಲ, ಒರ್ಲಾಂಡೋ ಹತ್ರ ಬಬಲ್ ಮಾಡಿ ಪ್ರೇಕ್ಷಕರೇ ಇಲ್ಲದೆ ಆಡಿಸ್ತಿದ್ರಲ್ಲ ಆಗ. ಪ್ಲೇಆಫ್, ಅಂದ್ರೆ ನಾಕೌಟ್ ಹಂತ, ಏಳು ಮ್ಯಾಚಲ್ಲಿ ಮೊದಲು ನಾಲ್ಕು ಗೆದ್ದವರು ಮುಂದಕ್ಕೆ. ಎರಡನೇ ರೌಂಡಲ್ಲಿ ಎದುರಾಳಿ ಹ್ಯೂಸ್ಟನ್, ಅವರು ಸೆಂಟರೇ ಬೇಡ ಅಂತ ಎಲ್ಲ ಗಿಡ್ಡ ಪ್ಲೇಯರ್‌ಗಳನ್ನ ಇಳಿಸಿದ್ರು, ಅವರ ವೇಗಕ್ಕೆ ದೊಡ್ಡ ಮೈಯವರು ಓಡೋಕಾಗಲ್ಲ, ಹೋವರ್ಡ್‌ಗೆ ಹೆಚ್ಚುಕಮ್ಮಿ ಆಟವೇ ಸಿಗಲಿಲ್ಲ. ಹಳೇ ಹೋವರ್ಡ್ ಆಗಿದ್ರೆ ಮುಖ ಊದಿಸ್ಕೊಂಡು ಕೂರ್ತಿದ್ದ ಅಂತ ನನ್ನ ಅನಿಸಿಕೆ. ಮುಂದಿನ ಸೀರೀಸ್ ಡೆನ್ವರ್ ಮೇಲೆ, ಅಲ್ಲಿ ನಿಕೋಲಾ ಯೋಕಿಚ್, ಮುಂದೆ ಮೂರು ಸಲ ಎಂವಿಪಿ, ಅಂದ್ರೆ ಸೀಸನ್‌ನ ಬೆಸ್ಟ್ ಪ್ಲೇಯರ್ ಆದವನು. ಡೆನ್ವರ್ ಅಂದ್ರೆ ಆ ವರ್ಷ 3-1 ಹಿಂದೆ ಬಿದ್ದು ಎರಡೆರಡು ಸೀರೀಸ್ ಗೆದ್ದು ಬಂದಿದ್ದ ಟೀಮ್. ಮೊದಲ ಮ್ಯಾಚ್ ನಮ್ಮಲ್ಲಿ ಬೆಳಗ್ಗೆ ಆರೂವರೆಗೆ ಬಂತು. ಹೋವರ್ಡ್ ಇಳಿದವನೇ ಯೋಕಿಚ್ ಮೈಗೆ ಅಂಟ್ಕೊಂಡ. ಬಾಲ್ ಬರೋಕೆ ಮುಂಚೆನೇ ತಳ್ಳೋದು, ಸೊಂಟಕ್ಕೆ ಮೊಣಕೈ ಇಟ್ಟು ನಿಲ್ಲೋದು, ಇಷ್ಟದ ಜಾಗಕ್ಕೆ ಹೋಗೋಕೆ ಬಿಡದೇ ಇರೋದು. ಇಲ್ಲೇ ಬ್ಯಾಕಪ್‌ನ ಆರು ಫೌಲ್ ಕೆಲಸಕ್ಕೆ ಬರೋದು, ಸ್ಟಾರ್‌ಗೆ ಫೌಲ್ ಅಂದ್ರೆ ಭಯ, ಇವನಿಗೆ ಅದು ಖರ್ಚು ಮಾಡೋಕೇ ಅಂತ ಜೇಬಲ್ಲಿರೋ ಚಿಲ್ಲರೆ. ಆವತ್ತು 16 ನಿಮಿಷದಲ್ಲಿ 13 ಪಾಯಿಂಟ್ ಕೂಡ ಹೊಡೆದ. ಮೂರನೇ ಮ್ಯಾಚ್ ಸೋತ್ಮೇಲೆ ಕೋಚ್ ಫ್ರಾಂಕ್ ವೋಗಲ್ ಇವನನ್ನೇ ಶುರುವಿಂದ ಇಳಿಸಿದ್ರು, ನಾಲ್ಕನೇ ಮ್ಯಾಚಲ್ಲಿ 12 ಪಾಯಿಂಟ್, 11 ರೀಬೌಂಡ್. ಲೇಕರ್ಸ್ ಸೀರೀಸ್‌ನ 4-1ರಲ್ಲಿ ಗೆದ್ರು. ಮೆಕ್‌ಗೀ ಫೈನಲ್ಸ್‌ನಲ್ಲಿ ಕೋರ್ಟಿಗೇ ಇಳೀಲಿಲ್ಲ.

ಟೈಮ್ ಜಾಸ್ತಿ ಆಗ್ತಿದೆ, ಉಳಿದಿದ್ದನ್ನ ಒಟ್ಟಿಗೆ ಹೇಳಿಬಿಡ್ತೀನಿ. ಆ ವರ್ಷ ಚಾಂಪಿಯನ್ ಆದ ಮೇಲೆ ಲೇಕರ್ಸ್ ಇವನನ್ನ ಉಳಿಸ್ಕೊಳ್ಳಲಿಲ್ಲ, ಹೋವರ್ಡ್ ಫಿಲಡೆಲ್ಫಿಯಾಗೆ ಹೋದ, ಲೇಕರ್ಸ್ ಮಾರ್ಕ್ ಗಸೋಲ್‌ನ ತಂದ್ರು, ಸೀಸನ್ ಮಧ್ಯೆ ಆಂಡ್ರೆ ಡ್ರಮಂಡ್‌ನ ತಂದು ಗಸೋಲ್‌ನ ಕೂರಿಸಿದ್ರು, ಮೊದಲ ರೌಂಡಲ್ಲೇ ಫೀನಿಕ್ಸ್ ಕೈಲಿ ಸೋತ್ರು. ಇದು ತಪ್ಪು ನಿರ್ಧಾರ ಅಂತಾನೇ ನಾನು ಹೇಳೋದು, ಎದ್ದು ಹೋಗದೇ ಕೂರೋಕೆ ಕಲಿತಿದ್ದ ಒಬ್ಬ ಕೈಲಿದ್ದಾಗ ಅವನನ್ನೇ ಕಳಿಸಿಬಿಟ್ರು. 2021ರಲ್ಲಿ ಮತ್ತೆ ಕರೆದ್ರು, ಡಿಆಂಡ್ರೆ ಜಾರ್ಡನ್‌ನೂ ತಗೊಂಡ್ರು, ಆ ಸಲ 33 ಗೆಲುವು 49 ಸೋಲು, ಪ್ಲೇಆಫ್‌ಗೇ ಹೋಗಲಿಲ್ಲ, ಅಂದ್ರೆ ಟೀಮೇ ಸರಿ ಇಲ್ಲದಿದ್ರೆ ಎರಡನೇ ಡ್ರೈವರ್ ಏನು ಮಾಡೋಕಾಗುತ್ತೆ. ಅತ್ತ ಡೆನ್ವರ್ ಯೋಕಿಚ್ ಬೆಂಚಿಗೆ ಹೋದಾಗಿನ ನಿಮಿಷಗಳಿಗೆ ವರ್ಷಾನುಗಟ್ಟಲೆ ಒದ್ದಾಡಿ 2025ರ ಜುಲೈನಲ್ಲಿ ಡಾರಿಯೋ ಶಾರಿಚ್‌ನ ಕೊಟ್ಟು ಯೋನಾಸ್ ವಲಾನ್ಚುನಾಸ್‌ನ ತಗೊಂಡ್ತು. ಹ್ಯೂಸ್ಟನ್ ಅಂತೂ ಸ್ಟೀವನ್ ಆಡಮ್ಸ್‌ಗೆ ಮೂರು ವರ್ಷಕ್ಕೆ 3.9 ಕೋಟಿ ಡಾಲರ್ ಕೊಡ್ತು, ಸೆಂಟರೇ ಬೇಡ ಅಂದಿದ್ದ ಅದೇ ಹ್ಯೂಸ್ಟನ್!

ಒಂದೇ ಒಂದು ಕ್ಲಿಪ್ ತೋರಿಸಿ ಬಿಡ್ತೀನಿ. 2020ರ ಫೈನಲ್ಸ್, ಮಯಾಮಿ ಮೇಲೆ ಆರನೇ ಮ್ಯಾಚ್, ನಮಗೆ ಅಕ್ಟೋಬರ್ 12ರ ಬೆಳಗ್ಗೆ. ಮೊದಲ ಐದು ಮ್ಯಾಚ್ ಶುರುವಿಂದ ಆಡಿದ್ದ ಹೋವರ್ಡ್‌ನ ಆವತ್ತು ಕೂರಿಸಿ, ಅಲೆಕ್ಸ್ ಕರೂಸೋನ ಇಳಿಸಿದ್ರು. ಇಡೀ ಮ್ಯಾಚ್ ಬೆಂಚ್ ಮೇಲೆ. ಲೇಕರ್ಸ್ ಗೆಲ್ಲೋದು ಖಾತ್ರಿ ಆದ್ಮೇಲೆ ಕೊನೇ ಒಂದು ನಿಮಿಷಕ್ಕೆ ಇವನನ್ನ ಕಳಿಸಿದ್ರು. ಬಾಲ್ ಕೈಗೆ ಬಂತು, ಬುಟ್ಟಿ ಕೆಳಗೆ ಅಲ್ಲ, ದೂರದಿಂದ ಹೊಡೆದ್ರೆ ಮೂರು ಪಾಯಿಂಟ್ ಸಿಗೋ ತ್ರೀ ಪಾಯಿಂಟ್ ಗೆರೆ ಆಚೆ, ಇವನು ಯಾವತ್ತೂ ಹೊಡೆಯೋ ಜಾಗನೇ ಅಲ್ಲ ಅದು. ಹೊಡೆದ. ಬಿತ್ತು. ಬೆಂಚ್ ಮೇಲಿದ್ದೋರು ಎಲ್ಲ ಎದ್ದು ನಿಂತಿದ್ದಾರೆ, ನೋಡಿ.