ಪಿಸ್ತೂಲು ಯಾರಿಗಾಗಿ? ಕ್ಯಾಸೆಟ್ ಕಾಲದ ಇರಾಟಿಕ್ ಥ್ರಿಲ್ಲರ್ ಕಥೆ

[ದೃಶ್ಯ: ವಿಎಚ್ಎಸ್ ಕ್ಯಾಸೆಟ್ ಜೋಡಿಸಿಟ್ಟ ಕಪಾಟು. ಒಂದು ಕೈ ಕ್ಯಾಸೆಟ್ ತೆಗೆಯುತ್ತದೆ, ವಾಪಸ್ ಇಡುತ್ತದೆ, ಮತ್ತೆ ತೆಗೆಯುತ್ತದೆ.]

1990ರ ಸುಮಾರಿನ ಅಮೆರಿಕ ಅಂದುಕೊಳ್ಳಿ. ಶುಕ್ರವಾರ ಸಂಜೆ, ವಿಡಿಯೋ ಬಾಡಿಗೆ ಅಂಗಡಿ. ಒಬ್ಬಾತ ಮೂರು ಕ್ಯಾಸೆಟ್ ತಂದು ಕೌಂಟರ್ ಮೇಲಿಡುತ್ತಾನೆ. ಮೇಲೊಂದು ಕಾಮಿಡಿ, ಕೆಳಗೊಂದು ಮಕ್ಕಳ ಸಿನಿಮಾ. ಅವನಿಗೆ ನಿಜವಾಗಿ ಬೇಕಾಗಿರೋದು ನಡುವಿನದ್ದು. ಅದರ ಕವರ್ ಮೇಲೆ ಕಿಟಕಿಯ ಪಟ್ಟೆಪಟ್ಟೆ ನೆರಳು, ಹೆಣ್ಣೊಬ್ಬಳ ಬೆನ್ನು, ಜೊತೆಗೊಂದು ಪಿಸ್ತೂಲು.

ಪಿಸ್ತೂಲು ಯಾಕೆ? ಕೌಂಟರ್‌ನಲ್ಲಿ ಕೂತವರು ನೋಡಲಿ ಅಂತ. "ಥ್ರಿಲ್ಲರ್ ಕಣ್ರೀ, ಬೇರೇನಲ್ಲ" ಅನ್ನೋಕೆ ಒಂದು ನೆಪ ಬೇಕಲ್ವಾ?

[ದೃಶ್ಯ: ಈಜುಕೊಳ ಇರುವ ಬಂಗಲೆ. ನೀಲಿ ಬೆಳಕು. ಹಿನ್ನೆಲೆಯಲ್ಲಿ ಸ್ಯಾಕ್ಸೋಫೋನ್.]

1987ರಲ್ಲಿ 'ಫೇಟಲ್ ಅಟ್ರಾಕ್ಷನ್' ಅನ್ನೋ ಇರಾಟಿಕ್ ಥ್ರಿಲ್ಲರ್, ಅಂದರೆ ಕಾಮವೂ ಅಪರಾಧವೂ ಬೆರೆತ ಸಿನಿಮಾ, ದೊಡ್ಡ ಹಿಟ್ ಆಯ್ತು. ಸಣ್ಣ ನಿರ್ಮಾಪಕರು ಲೆಕ್ಕ ಹಾಕಿದರು. ಕಾರು ಸ್ಫೋಟಿಸಬೇಕಿಲ್ಲ, ದೊಡ್ಡ ಸ್ಟಾರ್ ಬೇಡ. ಬಾಡಿಗೆಗೆ ಒಂದು ಬಂಗಲೆ, ನಾಲ್ಕು ಜನ ನಟರು, ಒಂದು ಕೊಲೆ. ಥಿಯೇಟರ್ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಸೀದಾ ಕ್ಯಾಸೆಟ್, ಆಮೇಲೆ ನಡುರಾತ್ರಿಯ ಕೇಬಲ್. ಸಿನೆಮ್ಯಾಕ್ಸ್ ಚಾನೆಲ್‌ಗೆ ಜನ 'ಸ್ಕಿನೆಮ್ಯಾಕ್ಸ್' ('ಸ್ಕಿನ್' ಅಂದರೆ ಚರ್ಮ) ಅಂತಲೇ ಅಡ್ಡಹೆಸರಿಟ್ಟರು. ನೋಡೋದೂ ಅವರೇ, ಗೇಲಿ ಮಾಡೋದೂ ಅವರೇ.

ರೇಟಿಂಗ್‌ನಲ್ಲೂ ಒಂದು ಆಟ ಇತ್ತು. 1990ರಲ್ಲಿ ಎನ್‌ಸಿ-17 ಅನ್ನೋ ಹೊಸ ರೇಟಿಂಗ್ ಬಂತು, ಅಂದರೆ ವಯಸ್ಕರಿಗೆ ಮಾತ್ರ. ಅದು ಬಿದ್ದ ಸಿನಿಮಾವನ್ನು ಬ್ಲಾಕ್‌ಬಸ್ಟರ್‌ನಂಥ ದೊಡ್ಡ ವಿಡಿಯೋ ಬಾಡಿಗೆ ಅಂಗಡಿ ಇಡುತ್ತಿರಲಿಲ್ಲ. ಆದರೆ ನಮ್ಮ ಸೆನ್ಸಾರ್ ಥರ ಅಲ್ಲಿ ರೇಟಿಂಗ್ ಕಡ್ಡಾಯ ಅಲ್ಲ. ಹಾಗಾಗಿ ಎಷ್ಟೋ ಚಿತ್ರಗಳು ಎರಡು ರೂಪದಲ್ಲಿ ಬಂದವು: ಕತ್ತರಿ ಬಿದ್ದದ್ದೊಂದು, 'ಅನ್‌ರೇಟೆಡ್' ಅಂತ ಇನ್ನೊಂದು. ಆ ಪದವೇ ಜಾಹೀರಾತು ಆಗಿಹೋಯ್ತು.

ಈ ಪೈಕಿ ನನಗೆ ಜಾಸ್ತಿ ಕುತೂಹಲ ಇರೋದು 1990ರ 'ನೈಟ್ ಐಸ್' ಮೇಲೆ. ನಿರ್ದೇಶಕ ನಮ್ಮ ದೇಶದವರು. ಜಗ್ ಮುಂಧ್ರಾ, ನಾಗಪುರದಲ್ಲಿ ಹುಟ್ಟಿ, ಐಐಟಿ ಬಾಂಬೆಯಲ್ಲಿ ಓದಿ, ಅಮೆರಿಕಕ್ಕೆ ಹೋದವರು. ಅಲ್ಲಿ ಮಾರ್ಕೆಟಿಂಗ್ ಓದಿದರು ಅನ್ನೋದನ್ನ ಮರೆಯಬೇಡಿ.

[ದೃಶ್ಯ: ಕತ್ತಲ ಕೋಣೆ. ಸಾಲಾಗಿ ಟಿವಿ ಪರದೆಗಳು. ಎದುರಿಗೆ ಒಂಟಿ ಕುರ್ಚಿ.]

ಕಥೆ ಇಷ್ಟೇ. ಒಬ್ಬ ರಾಕ್ ಗಾಯಕ, ಹೆಂಡತಿ ಜೊತೆ ಡಿವೋರ್ಸ್ ಜಗಳ. ಅವಳ ಮೇಲೆ ಕಣ್ಣಿಡೋಕೆ ಸೆಕ್ಯುರಿಟಿಯವನೊಬ್ಬನನ್ನ ನೇಮಿಸುತ್ತಾನೆ. ಇವನು ಮನೆಗೆ ಕ್ಯಾಮೆರಾ ಹಾಕಿ, ಕೂತು ನೋಡ್ತಾನೆ. ನೋಡ್ತಾ ನೋಡ್ತಾ ಅವಳಿಗೇ ಸೋಲುತ್ತಾನೆ. ಸುಮಾರಾದ ಸಿನಿಮಾ, ಸುಳ್ಳು ಹೇಳಲ್ಲ. ಆದರೆ ಆ ಕುರ್ಚಿ ಗಮನಿಸಿ. ಕತ್ತಲಲ್ಲಿ ಒಬ್ಬನೇ ಕೂತು ಪರದೆ ನೋಡುವ ಗಂಡಸು. ಕೇಳಿದರೆ "ಇದು ನನ್ನ ಕೆಲಸ" ಅನ್ನಬಹುದು. ಕ್ಯಾಸೆಟ್ ತಂದವನೂ ಮನೆಯಲ್ಲಿ ಹೀಗೇ ಕೂತಿದ್ದಾನೆ, ಕೈಯಲ್ಲಿ ರಿಮೋಟ್. ಅವನ ನೆಪ, "ಕೊಲೆ ಯಾರು ಮಾಡಿದ್ದು ನೋಡೋಣ ಅಂತ". ಕೊಲೆಯ ಸೀನ್ ಬಂದಾಗ ಫಾಸ್ಟ್ ಫಾರ್ವರ್ಡ್ ಒತ್ತುವವನೂ ಅವನೇ ಇರಬಹುದು!

ಬೈದವರು ಬೈದರು, ಬಾಡಿಗೆಗೆ ಒಯ್ದವರು ಒಯ್ದರು. 1996ರ ಹೊತ್ತಿಗೆ ಒಟ್ಟು ನಾಲ್ಕು 'ನೈಟ್ ಐಸ್' ಆಗಿದ್ದವು.

ಮುಂಧ್ರಾ ಮಾತ್ರ ಅಲ್ಲೇ ನಿಲ್ಲಲಿಲ್ಲ. 2000ದಲ್ಲಿ ನಂದಿತಾ ದಾಸ್ ಅವರನ್ನಿಟ್ಟುಕೊಂಡು 'ಬವಂಡರ್' ಮಾಡಿದರು. ರಾಜಸ್ಥಾನದ ಭಂವರಿ ದೇವಿ ಪ್ರಕರಣದಿಂದ ಬಂದ ಕಥೆ. ಅತ್ಯಾಚಾರಕ್ಕೊಳಗಾದ ಹೆಣ್ಣು ಪೊಲೀಸ್ ಠಾಣೆ, ಕೋರ್ಟು ಅಲೆಯುತ್ತಾಳೆ, ಎಲ್ಲರ ಕಣ್ಣೂ ಅವಳ ಮೇಲೆ. ಮತ್ತೆ ಅದೇ ವಿಷಯ, ನೋಡುವವರು ಮತ್ತು ನೋಡಿಸಿಕೊಳ್ಳುವವಳು. ಈ ಸಲ ಕ್ಯಾಮೆರಾ ನಿಂತದ್ದು ಅವಳ ಕಡೆ.

ಅಷ್ಟರಲ್ಲಿ ಇಂಟರ್ನೆಟ್ ಮನೆಮನೆಗೆ ಬರತೊಡಗಿತ್ತು. ಕೌಂಟರ್ ಇಲ್ಲ, ಕೂತು ನೋಡುವವರಿಲ್ಲ, ನೆಪವೂ ಬೇಕಿಲ್ಲ. ಕವರ್ ಮೇಲಿನ ಪಿಸ್ತೂಲಿಗೆ ಕೆಲಸವೇ ಉಳಿಯಲಿಲ್ಲ.

[ದೃಶ್ಯ: ಖಾಲಿ ಕಪಾಟು.]