ಮಾತು ಕೇಳಿದಿರಿ, ಸರಿ. ಉತ್ತರ ಎಲ್ಲಿ?

ಯುವಜನರ ಮಾತು ಕೇಳುತ್ತೇವೆ ಎಂದು ಹೇಳದ ಸರ್ಕಾರ ಇವತ್ತು ಹುಡುಕಿದರೂ ಸಿಗುವುದಿಲ್ಲ. ಸಮ್ಮೇಳನ ಮಾಡುತ್ತಾರೆ. ನಾಲ್ಕು ಜನ ಚುರುಕಾದ ಹುಡುಗ ಹುಡುಗಿಯರನ್ನು ವೇದಿಕೆಗೆ ಕರೆಯುತ್ತಾರೆ. ಐದೈದು ನಿಮಿಷ ಮೈಕು ಕೊಡುತ್ತಾರೆ. ಚಪ್ಪಾಳೆ, ಗ್ರೂಪ್ ಫೋಟೋ, ಮುಗಿಯಿತು. ಆಮೇಲೆ ಆ ಮಾತು ಯಾರ ಮೇಜಿಗೆ ಹೋಯಿತು ಅಂತ ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ.

ನನ್ನ ವಾದ ಇಷ್ಟೇ. ಯುವಜನರಿಗೆ ಮೈಕಿನ ಕೊರತೆ ಇಲ್ಲ. ಉತ್ತರ ಕೊಡಲೇಬೇಕಾದವರು ಎದುರಿಗೆ ಕೂತಿಲ್ಲ. ಒಂದು ಪ್ರಾಂತ್ಯದ ಯುವಜನ ಸಂಘಟನೆಗಳು ಕೈ ಜೋಡಿಸಿದರೆ ಆಗಬೇಕಾದ ಮೊದಲ ಕೆಲಸ, ಅಂಥವರನ್ನು ಕರೆತಂದು ಕೂರಿಸುವುದು.

1989ರಲ್ಲಿ ವಿಶ್ವಸಂಸ್ಥೆ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಅಂಗೀಕರಿಸಿತು. ಅದರ 12ನೇ ವಿಧಿಯಲ್ಲಿ ಎರಡು ಭಾಗ ಇದೆ. ತಮಗೆ ಸಂಬಂಧಪಟ್ಟ ವಿಷಯದಲ್ಲಿ ಅಭಿಪ್ರಾಯ ಹೇಳುವ ಹಕ್ಕು ಮಕ್ಕಳಿಗೆ ಇದೆ. ವಯಸ್ಸು, ತಿಳಿವಳಿಕೆ ನೋಡಿ ಆ ಅಭಿಪ್ರಾಯಕ್ಕೆ ತಕ್ಕ ಬೆಲೆಯನ್ನೂ ಕೊಡಬೇಕು. ಮೊದಲನೆಯದು ಎಲ್ಲರಿಗೂ ನೆನಪಿರುತ್ತದೆ. ಖರ್ಚು ಬರೋದು ಎರಡನೆಯದಕ್ಕೆ ಅಲ್ವಾ, ಹಾಗಾಗಿ ಅದು ಮರೆತುಹೋಗುತ್ತದೆ. ಮಕ್ಕಳ ಭಾಗವಹಿಸುವಿಕೆಯನ್ನು ಅಧ್ಯಯನ ಮಾಡಿದ ರೋಜರ್ ಹಾರ್ಟ್ 1992ರಲ್ಲಿ ಮಕ್ಕಳ ಭಾಗವಹಿಸುವಿಕೆಗೆ ಎಂಟು ಮೆಟ್ಟಿಲಿನ ಏಣಿಯೊಂದನ್ನು ಮುಂದಿಟ್ಟರು. ಕೆಳಗಿನ ಮೂರು ಮೆಟ್ಟಿಲು ಭಾಗವಹಿಸುವಿಕೆಯೇ ಅಲ್ಲ ಎಂದರು. ಅಲಂಕಾರಕ್ಕೆ ಕೂರಿಸುವುದು ಆ ಮೂರರಲ್ಲಿ ಒಂದು. ಗ್ರೂಪ್ ಫೋಟೋ ಯಾವ ಮೆಟ್ಟಿಲಿನಲ್ಲಿದೆ, ನೀವೇ ನೋಡಿ.

ಈಗ ಕೈ ಜೋಡಿಸುವ ವಿಷಯಕ್ಕೆ ಬರೋಣ. ಒಂದು ಸಣ್ಣ ಯೂತ್ ಕ್ಲಬ್ಬಿನ ಹುಡುಗರು ಸಂಜೆ ಮೇಲೆ ಬಸ್ಸೇ ಇಲ್ಲ ಅಂತಾರೆ ಅಂದುಕೊಳ್ಳಿ. ಅಧಿಕಾರಿಗೆ ಉತ್ತರ ಸುಲಭ: ಅದು ನಿಮ್ಮ ಊರಿನ ಸಮಸ್ಯೆ, ನೋಡೋಣ. ಅದೇ ಪ್ರಶ್ನೆಯನ್ನು, ಅದೇ ಮಾತುಗಳಲ್ಲಿ, ಇಡೀ ಪ್ರಾಂತ್ಯದ ಕ್ಲಬ್ಬುಗಳು ಕೇಳಿ ಉತ್ತರಗಳನ್ನು ಒಂದೆಡೆ ಸೇರಿಸಿದರೆ 'ನಿಮ್ಮ ಊರು' ಎನ್ನುವ ನೆಪ ಹೋಗುತ್ತದೆ. ಇನ್ನೊಂದು ಲಾಭವೂ ಇದೆ, ಅದರ ಬಗ್ಗೆ ಮಾತು ಕಡಿಮೆ. ಪೊಲೀಸರ ಮೇಲೋ ಹಾಸ್ಟೆಲಿನ ಮೇಲೋ ದೂರು ಹೇಳಿದ ಹುಡುಗಿ ಒಂಟಿಯಾಗಿ ಬೆಳಕಿಗೆ ಬರಬೇಕಿಲ್ಲ. ನೂರಾರು ಜನರ ಮಾತಿನ ನಡುವೆ ಅವಳ ಮಾತೂ ಇರುತ್ತದೆ, ಅವಳ ಹೆಸರು ಇರುವುದಿಲ್ಲ.

ಬ್ರಿಟನ್ನಿನಲ್ಲಿ ಇದು ನಡೆದಿದೆ. ಅಲ್ಲಿನ ಯೂತ್ ಪಾರ್ಲಿಮೆಂಟ್, ಅಂದರೆ ಹದಿಹರೆಯದ ಪ್ರತಿನಿಧಿಗಳ ಸಭೆ, ಯಾವ ಸಮಸ್ಯೆ ಮುಖ್ಯ ಎಂದು ಕೇಳಿ 11ರಿಂದ 18 ವರ್ಷದವರಿಗಾಗಿ ನಡೆಸಿದ ಮತದಾನದಲ್ಲಿ 2018ರಲ್ಲಿ 10 ಲಕ್ಷಕ್ಕಿಂತ ಜಾಸ್ತಿ ಜನ ಮತ ಹಾಕಿದರು. ಚಾಕು ಇರಿತದ ಅಪರಾಧ ಎಲ್ಲಕ್ಕಿಂತ ಮೇಲೆ ಬಂತು. ಇಷ್ಟು ಮತ ತಾನಾಗೇ ಬೀಳಲಿಲ್ಲ. ಊರೂರಿನ ಯೂತ್ ವರ್ಕರ್‌ಗಳು, ಶಾಲೆಗಳು, ಸ್ಥಳೀಯ ಸಂಸ್ಥೆಗಳು ಸೇರಿ ಕೂಡಿಸಿದ್ದು. ಸಂಖ್ಯೆ ದೊಡ್ಡದು, ನಿಜ. ಆದರೆ ನನಗೆ ಮುಖ್ಯ ಅನ್ನಿಸುವುದು 2012ರಲ್ಲಿ ಶುರುವಾದ ಯೂತ್ ಸೆಲೆಕ್ಟ್ ಕಮಿಟಿ. ಸಂಸತ್ತಿನ ಸಮಿತಿಯ ಹಾಗೇ ಈ ಹುಡುಗರು ಸಾಕ್ಷಿ ಕರೆಸಿ ವಿಚಾರಣೆ ಮಾಡುತ್ತಾರೆ, ವರದಿ ಬರೆಯುತ್ತಾರೆ, ಸರ್ಕಾರ ಅದಕ್ಕೆ ಬರವಣಿಗೆಯಲ್ಲಿ ಉತ್ತರ ಕೊಡುತ್ತದೆ. ಮೊದಲ ವಿಷಯ ಏನು ಗೊತ್ತಾ? ಸಾರ್ವಜನಿಕ ಸಾರಿಗೆ. ಮತ್ತೆ ಅದೇ ಬಸ್ಸು! ಬರೆದುಕೊಟ್ಟ ಉತ್ತರವನ್ನು ಮುಂದಿನ ವರ್ಷ ತೆಗೆದು ತೋರಿಸಬಹುದು. ಚಪ್ಪಾಳೆಯನ್ನು ಫೈಲಿನಲ್ಲಿ ಇಡಲು ಬರುವುದಿಲ್ಲ.

ಇನ್ನೂ ಮುಂದೆ ಹೋದವರು ಕೌನ್ಸಿಲ್ ಆಫ್ ಯುರೋಪ್‌ನವರು, ಅಂದರೆ ಮಾನವ ಹಕ್ಕುಗಳಿಗಾಗಿ ಯುರೋಪಿನ ದೇಶಗಳು ಕಟ್ಟಿಕೊಂಡ ಸಂಸ್ಥೆಯವರು. (ಐರೋಪ್ಯ ಒಕ್ಕೂಟ ಬೇರೆ, ಇದು ಬೇರೆ. ಎಲ್ಲರೂ ಒಂದೇ ಅಂದುಕೊಳ್ಳುತ್ತಾರೆ.) 1972ರಿಂದ ಅದರದ್ದೇ ಒಂದು ಯುವಜನ ನಿಧಿ ಇದೆ. ಆ ಹಣ ಯಾವ ಯೋಜನೆಗೆ ಹೋಗಬೇಕು ಎಂದು ತೀರ್ಮಾನಿಸುವ ಸಮಿತಿಯಲ್ಲಿ ಸರ್ಕಾರದ ಕಡೆಯವರು ಎಷ್ಟೋ, ಯುವ ಪ್ರತಿನಿಧಿಗಳೂ ಅಷ್ಟೇ. ಸಲಹೆ ಕೇಳಿ ಕಳಿಸುವುದಕ್ಕೂ ಹಣದ ಚೀಟಿಯ ಮೇಲೆ ಜೊತೆಗೆ ಸಹಿ ಹಾಕುವುದಕ್ಕೂ ಇರುವ ವ್ಯತ್ಯಾಸ ಇಲ್ಲಿ ಕಾಣುತ್ತದೆ.

ಹಾಗಂತ ಯುವಜನ ಸಂಘಟನೆಗಳು ಸೇರಿ ಒಕ್ಕೂಟ ಕಟ್ಟಿದ ಕೂಡಲೇ ಎಲ್ಲ ಸರಿಹೋಗುವುದಿಲ್ಲ. ಒಕ್ಕೂಟಗಳಿಗೆ ಅವುಗಳದೇ ರೋಗಗಳಿವೆ. ದೊಡ್ಡ ರೋಗ, ಮಾತಿಗೆ ಇಸ್ತ್ರಿ ಹಾಕುವುದು. ಒಬ್ಬ ಹುಡುಗ 'ರಾತ್ರಿ ಮನೆಗೆ ನಡ್ಕೊಂಡು ಹೋಗೋಕೆ ಭಯ' ಅಂದಿರುತ್ತಾನೆ. ಕ್ಲಬ್ಬಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ಪ್ರಾಂತ್ಯಕ್ಕೆ ಹೋಗುವಷ್ಟರಲ್ಲಿ ಅದು 'ಸುರಕ್ಷತೆಯ ಕುರಿತಾದ ಗ್ರಹಿಕೆಗಳು' ಆಗಿರುತ್ತದೆ. ಓದಿದ ಮಂತ್ರಿಗೆ ಭಯ ತಟ್ಟುವುದೇ ಇಲ್ಲ. ವರದಿ ಅಚ್ಚಿಗೆ ಹೋಗುವ ಮೊದಲು ಆ ಹುಡುಗನಿಗೆ ತೋರಿಸಿ, ಇದು ನೀನು ಹೇಳಿದ್ದೇನಾ ಅಂತ ಕೇಳುವ ಸಂಸ್ಥೆಗಳು ಎಷ್ಟಿವೆ? ಮುಖಗಳೂ ಅವೇ. ಚೆನ್ನಾಗಿ ಮಾತಾಡಬಲ್ಲ, ಮನೆಯವರು ಕಾರಿನಲ್ಲಿ ಬಿಟ್ಟು ಹೋಗುವ ಮಕ್ಕಳು ಎಲ್ಲ ಸಭೆಯಲ್ಲೂ ಇರುತ್ತಾರೆ. ಕೆಲಸಕ್ಕೆ ಹೋಗುವವರು ಬರಬೇಕೆಂದರೆ ಅವರ ಪ್ರಯಾಣಕ್ಕೂ ಸಮಯಕ್ಕೂ ದುಡ್ಡು ಕೊಡಿ. ದೊಡ್ಡವರು ಯಾರೂ ಬಿಟ್ಟಿ ಬರುವುದಿಲ್ಲವಲ್ಲ.

ದುಡ್ಡಿನ ಮಾತು ಬಂತು, ಹೇಳಿಬಿಡುತ್ತೇನೆ. ಒಂದೇ ಅನುದಾನಕ್ಕೆ ಅರ್ಜಿ ಹಾಕಿದ ಎರಡು ಸಂಸ್ಥೆಗಳು ಮನಸ್ಸು ಬಿಚ್ಚಿ ಮಾತಾಡುವುದು ಕಷ್ಟ. ಇಂಗ್ಲೆಂಡಿನಲ್ಲಿ 2010ರ ನಂತರ ಯುವಜನ ಸೇವೆಗಳಿಗೆ ಸ್ಥಳೀಯ ಸಂಸ್ಥೆಗಳು ಮಾಡುವ ಖರ್ಚು 70%ಕ್ಕಿಂತ ಜಾಸ್ತಿ ಇಳಿದಿದೆ ಎಂದು ಯುವಜನರಿಗಾಗಿ ಕೆಲಸ ಮಾಡುವ ವೈಎಂಸಿಎ ಸಂಸ್ಥೆ ಲೆಕ್ಕ ಹಾಕಿದೆ. 1948ರಲ್ಲಿ ಹುಟ್ಟಿದ ಬ್ರಿಟಿಷ್ ಯೂತ್ ಕೌನ್ಸಿಲ್ 2024ರಲ್ಲಿ ಹಣವಿಲ್ಲದೆ ಬಾಗಿಲು ಹಾಕಿತು. ನಾನು ಹೊಗಳಿದೆನಲ್ಲ, ಆ ಯೂತ್ ಸೆಲೆಕ್ಟ್ ಕಮಿಟಿಯನ್ನು ನಡೆಸುತ್ತಿದ್ದದ್ದು ಇದೇ ಸಂಸ್ಥೆ. ಕಾರ್ಯಕ್ರಮಕ್ಕೆ ದುಡ್ಡು ಕೊಡುವವರು ಸಿಗುತ್ತಾರೆ. ಹತ್ತು ಸಂಸ್ಥೆಗಳ ನಡುವೆ ಫೋನ್ ಮಾಡಿ, ಒಂದೇ ಪ್ರಶ್ನಾವಳಿ ತಯಾರಿಸಿ, ಬಂದ ಉತ್ತರ ಜೋಡಿಸುವ ಒಬ್ಬರ ಸಂಬಳಕ್ಕೆ ಯಾರೂ ಸಿಗುವುದಿಲ್ಲ. ಕೈ ಜೋಡಿಸುವ ಕೆಲಸವೆಲ್ಲ ಆ ಒಬ್ಬರ ಮೇಲೇ ನಿಂತಿರುತ್ತದೆ.

ಒಕ್ಕೂಟಗಳು ಒಂದು ಷರತ್ತು ಇಟ್ಟುಕೊಳ್ಳಲಿ. ಸಭೆಗೆ ಮೊದಲೇ ಉತ್ತರದ ತಾರೀಕು ಬರೆಸಿಕೊಳ್ಳಲಿ. 'ಆಗಲ್ಲ, ಈ ಕಾರಣಕ್ಕೆ ಆಗಲ್ಲ' ಎಂದು ಬಂದರೂ ಪರವಾಗಿಲ್ಲ, ಆ ಕಾರಣವನ್ನೇ ಹಿಡಿದು ಮುಂದಿನ ಸಲ ವಾದ ಮಾಡಬಹುದು. ತಾರೀಕು ಕೊಡಲು ಒಪ್ಪದವರ ಸಭೆಗೆ ಮಕ್ಕಳನ್ನು ಕಳಿಸಬೇಡಿ.