ಕಕ್ಕಡದ ಮಳೆಗೆ ತಕ್ಕ ವಸತಿ ಶಾಲೆ

ವಸತಿ ಶಾಲೆಗಳ ಶಿಕ್ಷಕರೇ, ವಾರ್ಡನ್‌ಗಳೇ, ಅಡುಗೆಮನೆಯ ಹೊಣೆ ಹೊತ್ತವರೇ, ಎಲ್ಲರಿಗೂ ನಮಸ್ಕಾರ.

ಪರಿಸರ ಶಿಕ್ಷಣ ಕಡ್ಡಾಯವಾಗಬೇಕೆಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿತು, 2003ರಲ್ಲಿ ಮತ್ತೆ ಹೇಳಿತು. ಪಠ್ಯ ಬಂತು, ಪರೀಕ್ಷೆಯೂ ಬಂತು. ವಸತಿ ಶಾಲೆಗೆ ಮಾತ್ರ ಇನ್ನೊಂದು ಅನುಕೂಲವಿದೆ. 400 ಮಕ್ಕಳು ಉಂಡು, ಮಿಂದು, ಮಲಗುವ ಜಾಗ ಒಂದು ಸಣ್ಣ ಊರೇ. ನೀರು, ಸೌದೆ, ಅಕ್ಕಿ ಎಷ್ಟು ಒಳಗೆ ಬಂತು, ಏನಾಗಿ ಹೊರಗೆ ಹೋಯಿತು ಎಂಬುದನ್ನು ಮಕ್ಕಳೇ ಅಳೆದು ಬರೆದಿಡಬಹುದು. ಆದರೆ ಬಯಲುಸೀಮೆಗೆ ಬರೆದ ಕೈಪಿಡಿಯನ್ನು, ಕಕ್ಕಡದ (ಜುಲೈ-ಆಗಸ್ಟ್‌ನಲ್ಲಿ ಬರುವ ಕೊಡವ ತಿಂಗಳು) ಮಳೆ ಹೊಯ್ಯುವ ನಮ್ಮ ಕೊಡಗಿಗೆ ಹಾಗೇ ತಂದರೆ ಕೆಲಸ ಕೆಡುತ್ತದೆ, ಕೆಲವೊಮ್ಮೆ ಅಪಾಯವೂ ಆಗುತ್ತದೆ. ಇವತ್ತು ಮುಖ್ಯವಾಗಿ ಆ ವಿಷಯ.

ಮೊದಲು ಮಳೆಮಾಪಕ. ತೋಟದವರು ಇಂದಿಗೂ ಮಳೆಯನ್ನು ಇಂಚು, ಸೆಂಟ್ ಲೆಕ್ಕದಲ್ಲಿ ಬರೆಯುತ್ತಾರೆ. ಇಂಚಿಗೆ 100 ಸೆಂಟ್, ಒಂದು ಇಂಚು ಎಂದರೆ 25.4 ಮಿ.ಮೀ. ಶಾಲೆಯಲ್ಲಿ ಮಾಡುವ ಮಾಪಕಕ್ಕೆ ತಳದಿಂದ ಬಾಯಿಯವರೆಗೆ ಒಂದೇ ಅಗಲವಿರುವ, ಕನಿಷ್ಠ 12 ಇಂಚು ಆಳದ ಪಾತ್ರೆ ಬೇಕು. ತಂಪು ಪಾನೀಯದ ಬಾಟಲಿಯ ಉಬ್ಬುತಗ್ಗಿನ ತಳ ಲೆಕ್ಕ ತಪ್ಪಿಸುತ್ತದೆ. ಮರದ ಕೆಳಗೆ, ಸೂರಿನ ಪಕ್ಕ ಇಟ್ಟರೆ ಮಳೆಯ ಜೊತೆ ತೊಟ್ಟಿಕ್ಕುವ ನೀರೂ ಸೇರುತ್ತದೆ. ದಿನವೂ ಬೆಳಿಗ್ಗೆ 8.30ಕ್ಕೆ ಓದಬೇಕು, ಭಾನುವಾರವೂ. ಹತ್ತಿರದ ತೋಟದ ದಾಖಲೆಯೊಂದಿಗೆ ಹೋಲಿಸಿದರೆ ತಪ್ಪು ಎಲ್ಲಿದೆ ಎಂದು ಮಕ್ಕಳಿಗೇ ಗೊತ್ತಾಗುತ್ತದೆ.

ಇನ್ನು ಚಾವಣಿ ನೀರು. 100 ಚದರ ಮೀಟರ್ ಚಾವಣಿಗೆ ಒಂದು ಇಂಚು ಮಳೆ ಬಿದ್ದರೆ 2,540 ಲೀಟರ್. ಸೋರಿಕೆ, ಸಿಡಿತ ಕಳೆದು 2,000 ಲೀಟರ್ ಸಿಗುತ್ತದೆ ಎಂದಿಟ್ಟುಕೊಳ್ಳಿ. ಈ ನೀರನ್ನು ಮಾರ್ಚ್ ತಿಂಗಳಿಗೆ ಕೂಡಿಡುತ್ತೇವೆಂದು ದೊಡ್ಡ ಟ್ಯಾಂಕ್ ಕಟ್ಟಿಸುವವರಿದ್ದಾರೆ. ಒಂದು ಮಗುವಿಗೆ ದಿನಕ್ಕೆ 100 ಲೀಟರ್ ಎಂದರೂ 400 ಮಕ್ಕಳಿಗೆ 40,000 ಲೀಟರ್ ಬೇಕು. 50,000 ಲೀಟರ್‌ನ ಟ್ಯಾಂಕ್ ಎರಡನೇ ದಿನವೇ ಖಾಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ತೋಡಿನ (ಸಣ್ಣ ಹಳ್ಳದ) ನೀರು ಕದಡಿ ಕರೆಂಟ್ ಕೈಕೊಡುವ ದಿನಗಳಲ್ಲೇ, ಶೌಚಾಲಯಕ್ಕೂ ಬಟ್ಟೆ ಒಗೆಯುವುದಕ್ಕೂ ಇದನ್ನು ಬಳಸಿ. ಆಗ ಪಂಪ್ ಓಡುವ ಗಂಟೆಗಳು ಇಳಿಯುತ್ತವೆ. ನಾಲ್ಕಾರು ದಿನ ಬಿಡುವು ಕೊಟ್ಟು ಬಂದ ಮಳೆಯ ಮೊದಲ 2 ಮಿ.ಮೀ., ಅಂದರೆ ಅಷ್ಟೇ ಚಾವಣಿಗೆ 200 ಲೀಟರ್, ಹೊರಗೆ ಬಿಡಬೇಕು. ಬಿಡುವಿಲ್ಲದೆ ಹೊಯ್ಯುವಾಗ ಅದರ ಅಗತ್ಯವಿಲ್ಲ. ಆಗ ಕಾಡುವುದು ಸೂರಿನಂಚಿನ ನೀರು ಹಿಡಿಯುವ ದಂಬೆಯಲ್ಲಿ ಕಟ್ಟಿಕೊಳ್ಳುವ ಎಲೆ.

ಇಂಗುಗುಂಡಿಯ ಬಗ್ಗೆ ಗಟ್ಟಿಯಾಗಿಯೇ ಹೇಳಬೇಕು. ಬೆಂಗಳೂರಿನಲ್ಲಿ ಅದು ಒಳ್ಳೆಯ ಕೆಲಸ. ಇಲ್ಲಿ, ಗುಡ್ಡ ಸಮತಟ್ಟು ಮಾಡಿ ಕಟ್ಟಿದ ಶಾಲೆಯ ಹಿಂದೆ, ಬರೆಯ (ಗುಡ್ಡ ಕಡಿದಾಗ ಉಳಿಯುವ ಕಡಿದಾದ ಮಣ್ಣಿನ ಗೋಡೆಯ) ಮೇಲ್ಭಾಗದಲ್ಲಿ ಗುಂಡಿ ತೋಡಿ ನೀರು ಇಂಗಿಸಿದರೆ ಮಣ್ಣಿನ ಭಾರ ಹೆಚ್ಚುತ್ತದೆ, ಕಣಗಳ ನಡುವಿನ ನೀರಿನ ಒತ್ತಡ ಏರುತ್ತದೆ, ಹಿಡಿತ ಸಡಿಲವಾಗುತ್ತದೆ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಹೇಗೆ ಜಾರಿದವೆಂದು ನಿಮಗೆ ನಾನು ಹೇಳಬೇಕಿಲ್ಲ. ಇಳಿಜಾರಿನಲ್ಲಿ ಚಾವಣಿ ನೀರನ್ನು ಸಿಮೆಂಟ್ ಚರಂಡಿಯಲ್ಲೇ ಹಿಡಿದು ಕೆಳಗಿನ ತೋಡಿನವರೆಗೆ ಮುಟ್ಟಿಸಿ. ಅರ್ಧದಲ್ಲಿ ಬಿಟ್ಟರೆ ಅಲ್ಲಿಂದಲೇ ಕೊರೆತ ಶುರು. ಇಂಗಿಸಲೇಬೇಕೆಂದರೆ ಬರೆಯಿಂದ ದೂರದ ಸಮತಟ್ಟಾದ ಜಾಗ ಆರಿಸಿ, ಅದೂ ಮಣ್ಣು ಬಲ್ಲವರಿಗೆ ತೋರಿಸಿದ ಮೇಲೆ. ಬರೆಯ ಮೇಲೆ ನೆಲ ಬಿರಿಯುವುದು, ಮರ ವಾಲುವುದು, ಹೊಸ ಜಾಗದಲ್ಲಿ ಕೆಸರು ನೀರು ಒಸರುವುದು, ಬಾಗಿಲು ಇದ್ದಕ್ಕಿದ್ದಂತೆ ಬಿಗಿಯಾಗುವುದು, ಈ ನಾಲ್ಕನ್ನು ಪ್ರತಿ ಮಗುವೂ ಗುರುತಿಸಬೇಕು. ಬಿರುಕಿನ ಎರಡೂ ಬದಿಗೆ ಗೂಟ ಹೊಡೆದು ನಡುವಿನ ಅಂತರ ಅಳೆಯುವ ಕೆಲಸ ಮಾತ್ರ ದೊಡ್ಡವರದು. ಮಳೆಯಲ್ಲಿ ಮಕ್ಕಳನ್ನು ಅತ್ತ ಕಳಿಸಬೇಡಿ. ಅಂತರ ಹಿಗ್ಗಿದರೆ ಆ ಬದಿಯ ಕೋಣೆಗಳನ್ನು ಅಂದೇ ತೆರವು ಮಾಡಿ.

ಊಟದ ಹಾಲ್‌ಗೆ ಬನ್ನಿ. ಒಂದು ತಟ್ಟೆಯಲ್ಲಿ 50 ಗ್ರಾಂ ಉಳಿದರೂ 400 ಮಕ್ಕಳಿಂದ ಒಂದು ಹೊತ್ತಿಗೆ 20 ಕಿಲೋ. ಅನ್ನ, ಪಲ್ಯ, ಸಿಪ್ಪೆಗೆ ಬೇರೆ ಬೇರೆ ಬಕೆಟ್ ಇಟ್ಟು ಎರಡು ವಾರ ತೂಗಿ. ಯಾವ ದಿನದ ಯಾವ ಪಲ್ಯ ಉಳಿಯುತ್ತದೆ ಎಂಬುದು ಕಂಡರೆ ಅಡುಗೆಯವರು ಅಳತೆ ಬದಲಿಸುತ್ತಾರೆ. ಯಾರು ಎಷ್ಟು ಬಿಟ್ಟರೆಂದು ಹೆಸರು ಹಿಡಿದು ಬರೆಯಬೇಡಿ. ಮಕ್ಕಳು ಹೆದರಿ ಕಡಿಮೆ ಬಡಿಸಿಕೊಳ್ಳುತ್ತಾರೆ.

ಸಿಪ್ಪೆ, ಉಳಿಕೆ ಸೇರಿ ದಿನಕ್ಕೆ 40 ಕಿಲೋ ಎಂದುಕೊಳ್ಳೋಣ. ಬಿಸಿಲುಕಾಲದಲ್ಲಿ ಸೊಗಸಾಗಿ ಆಗುವ ಗೊಬ್ಬರ ಕಕ್ಕಡದಲ್ಲಿ ನಾರುತ್ತದೆ, ಹುಳ ಕಟ್ಟುತ್ತದೆ. ಗಾಳಿಯಲ್ಲೇ ತೇವ, ರಾಶಿಯೊಳಗೆ ಗಾಳಿಯಾಡುವುದಿಲ್ಲ, ಉಸಿರಾಡುವ ಸೂಕ್ಷ್ಮಜೀವಿಗಳು ಸತ್ತು ಕೊಳೆಸುವವು ಹೆಚ್ಚುತ್ತವೆ. ಇದಕ್ಕೆ ಮದ್ದು ಒಣ ಎಲೆ. ಒಂದು ಬಕೆಟ್ ಹಸಿಗೆ ಎರಡು ಬಕೆಟ್ ಪುಡಿಮಾಡಿದ ಎಲೆ. 40 ಕಿಲೋಗೆ 15 ಲೀಟರ್‌ನ ನಾಲ್ಕು ಬಕೆಟ್ ಹಸಿ, ಅಂದರೆ ದಿನಕ್ಕೆ ಎಂಟು ಬಕೆಟ್ ಎಲೆ. 120 ದಿನಕ್ಕೆ 960 ಬಕೆಟ್, 100 ಲೀಟರ್ ಹಿಡಿಯುವ ಚೀಲದಲ್ಲಿ ಸುಮಾರು 145 ಚೀಲ. ಮಳೆಗಾಲದಲ್ಲಿ ಒಣ ಎಲೆ ಎಲ್ಲಿಂದಲೂ ಸಿಗುವುದಿಲ್ಲ. ಸಿಲ್ವರ್ ಓಕ್ ಎಲೆ ಮಾತ್ರ ತುಂಬಿದರೆ ಕರಗುವುದು ನಿಧಾನ. ಹಾಲುವಾಣದಂಥ ಮೆದು ಎಲೆಯನ್ನೂ ಬೆರೆಸಿ.

ತೊಟ್ಟಿ ಉದ್ದ, ಅಗಲ, ಎತ್ತರ ತಲಾ ಒಂದು ಮೀಟರ್ ಇರಲಿ. ಅದಕ್ಕಿಂತ ಚಿಕ್ಕದಾದರೆ ಕಾವು ನಿಲ್ಲುವುದಿಲ್ಲ. ಒಳಗೆ 55 ಡಿಗ್ರಿ ದಾಟಬೇಕು. ಮೇಲೆ ಶೀಟ್, ಬದಿಗಳಲ್ಲಿ ಗಾಳಿಕಿಂಡಿ. ವಾರ, ಹತ್ತು ದಿನಕ್ಕೆ ಒಂದು ತುಂಬುತ್ತದೆ, ಹದವಾಗಲು ಎರಡು ತಿಂಗಳು ಬೇಕು, ಹಾಗಾಗಿ ಎಂಟು ತೊಟ್ಟಿ. ಒಂದು ಹಿಡಿ ತೆಗೆದು ಹಿಂಡಿದಾಗ ಒಂದೆರಡು ಹನಿ ಬಂದರೆ ಹದ, ಧಾರೆಯಾಗಿ ಇಳಿದರೆ ಎಲೆ ಸಾಲದು. ಸಾಂಬಾರಿನ ನೀರನ್ನು ಬಸಿದೇ ಹಾಕಿ, ಉಪ್ಪು ಗಿಡಕ್ಕೆ ಕೇಡು. ಮೂಳೆ ಬೇಡ, ನಾಯಿಗಳು ಕೆದಕುತ್ತವೆ. ಕಾಡಂಚಿನ ಶಾಲೆಯವರು ಹಲಸಿನ ಸಿಪ್ಪೆ, ಬಾಳೆದಿಂಡನ್ನು ಬಯಲಲ್ಲಿ ಬಿಡಲೇಬಾರದು. ಆ ವಾಸನೆಗೆ ಆನೆ ಬರುತ್ತದೆ.

ಕೊನೆಯದು ಸ್ನಾನದ ಬಿಸಿನೀರು. ಒಬ್ಬರಿಗೆ 15 ಲೀಟರ್, 20ರಿಂದ 40 ಡಿಗ್ರಿಗೆ: 300 ಕಿಲೋಕ್ಯಾಲೊರಿ. 400 ಮಕ್ಕಳಿಗೆ 1,20,000. ಒಣ ಸೌದೆಯ ಒಂದು ಕಿಲೋದಲ್ಲಿ ಸುಮಾರು 3,500 ಇದ್ದರೂ ತೆರೆದ ಒಲೆಯ ಹಂಡೆಗೆ ಸೇರುವುದು ಐದರಲ್ಲೊಂದು ಪಾಲು ಎಂದು ಹಿಡಿದರೆ ದಿನಕ್ಕೆ 170 ಕಿಲೋ ಸೌದೆ. ಹಸಿ ಸೌದೆಯಾದರೆ 280 ಕಿಲೋ ದಾಟುತ್ತದೆ, ಅದರೊಳಗಿನ ನೀರು ಆವಿಯಾಗಲು ಕಾವು ತಿನ್ನುತ್ತದೆ, ಹೊಗೆ ಬೇರೆ. ಅರ್ಧದಷ್ಟು ಕಾವು ಹಿಡಿಯುವ ಮುಚ್ಚಿದ ಬಾಯ್ಲರ್‌ಗೆ ಒಣ ಸೌದೆ 70 ಕಿಲೋ ಸಾಕು. ಎಂಟು, ಒಂಬತ್ತನೇ ತರಗತಿಯ ಮಕ್ಕಳು ಈ ಲೆಕ್ಕವನ್ನು ತಮ್ಮ ಬಚ್ಚಲಿನ ಅಳತೆಯಲ್ಲೇ ಮಾಡಲಿ. ಸೋಲಾರ್ ಹಾಕಿಸುವವರು ಅದನ್ನು ಅಕ್ಟೋಬರ್‌ನಿಂದ ಮೇವರೆಗಿನ ಸಾಧನವೆಂದು ತಿಳಿದೇ ಹಾಕಿಸಿ.

ಏಪ್ರಿಲ್ ರಜೆಗೆ ಮಕ್ಕಳು ಹೊರಡುವ ಮೊದಲು ಎರಡು ಕೆಲಸ ಮುಗಿಯಬೇಕು: ಸೌದೆ ಪೇರಿಸುವುದು, ಗೊಬ್ಬರಕ್ಕೆ ಒಣ ಎಲೆ ಕೂಡಿಡುವುದು. ಕಪಾತಿನಲ್ಲಿ (ಗಿಡ ಸವರುವಾಗ) ಬಿದ್ದ ಕೊಂಬೆ, ಸಿಲ್ವರ್ ಓಕ್ ಸೌದೆಯನ್ನು ಸೀಳಿ, ಗಾಳಿಯಾಡುವಂತೆ ಅಡ್ಡಡ್ಡ ಪೇರಿಸಿ, ಮೇಲೆ ಮಾತ್ರ ಶೀಟ್ ಹೊದಿಸಿ. ಸುತ್ತಲೂ ಟಾರ್ಪಾಲ್ ಬಿಗಿದರೆ ಒಳಗೇ ಬೂಷ್ಟು ಹಿಡಿಯುತ್ತದೆ. ಎಲೆ ಗುಡಿಸುವಾಗ ಕೈ ಹಾಕದೆ ಕುಂಟೆಯಿಂದಲೇ ಎಳೆಯಿರಿ, ಕಾಲಿಗೆ ಗಂಬೂಟ್ ಇರಲಿ, ತರಗಿನಲ್ಲಿ ಹಾವು ಮಲಗಿರುತ್ತದೆ. ತುಂಬಿದ ಚೀಲಗಳನ್ನು ನೆಲದಿಂದ ಒಂದಡಿ ಮೇಲೆ, ಗೋಡೆಗೆ ತಾಗದಂತೆ ಹಲಗೆಯ ಮೇಲೆ ಪೇರಿಸಿ. ಇಲ್ಲದಿದ್ದರೆ ಜೂನ್‌ನಲ್ಲಿ ಬಿಚ್ಚಿದಾಗ ಗೆದ್ದಲು ಸಿಕ್ಕೀತು, ಎಲೆ ಸಿಗದು.